ಮಾವನ ಅಟ್ಟ, ನನ್ನ ರೆಕ್ಕೆ

ನನಗೆ ಸಿಟ್ಟು ಬೇಗ ಬರುತ್ತದೆ. ಹೆಲಿಕಾಪ್ಟರು ವಿಮಾನದ ಹಾಗೆ ಯಾಕೆ ಜೋರಾಗಿ ಹೋಗುವುದಿಲ್ಲ ಎಂದು ಯಾರಾದರೂ ಕೇಳಿದರೆ ಇನ್ನೂ ಬೇಗ ಬರುತ್ತದೆ. ಯಾಕೆಂದರೆ ಅದನ್ನು ಜೋರಾಗಿ ಹೋಗುವಂತೆ ಮಾಡುವುದೇ ನನ್ನ ಕೆಲಸ. ಬೆಂಗಳೂರಿನ ಒಂದು ವಿನ್ಯಾಸ ಕಚೇರಿಯಲ್ಲಿ ಕೂತು ಆರು ವರ್ಷದಿಂದ ಹೆಲಿಕಾಪ್ಟರಿನ ನೆತ್ತಿಯ ಮೇಲೆ ತಿರುಗುವ ರೆಕ್ಕೆಯ ಹಿಂದೆ ಬಿದ್ದಿದ್ದೇನೆ. ಇಡೀ ರೆಕ್ಕೆಯೂ ಅಲ್ಲ, ಅದರ ತುದಿಯ ಒಂದು ಮೊಳ ಮಾತ್ರ.

ತಿಪಟೂರಿನ ಹತ್ತಿರದ ಬಿಳಿಗೆರೆಯಲ್ಲಿರುವ ನನ್ನ ಸೋದರಮಾವನಿಗೆ ಇದನ್ನು ಹೇಳಿದಾಗ ಅವರು ಎಲೆಅಡಿಕೆ ಮೆಲ್ಲುವುದನ್ನು ನಿಲ್ಲಿಸಿದರು. "ಒಂದು ಮೊಳಕ್ಕೆ ಆರು ವರ್ಷವಾ ಅಮ್ಮಣ್ಣಿ? ಅಷ್ಟೊತ್ತಿಗೆ ತೆಂಗಿನ ಸಸಿ ನೆಟ್ಟಿದ್ರೂ ಹೊಂಬಾಳೆ ಬಿಟ್ಟಿರೋದು ಕಣೇ."

ಅವರ ಮುಖ್ಯ ಕಸುಬು ನನ್ನ ಕಾಲೆಳೆಯುವುದು. ತೆಂಗಿನ ತೋಟ ಅದಾದ ಮೇಲೆ. ನಾನು ಊರಿಗೆ ಹೋದಾಗಲೆಲ್ಲ ಜಗಲಿಯ ಮೇಲೆ ಮಾವ, ಬಾಗಿಲ ಬಳಿ ಅತ್ತೆ, ನಡುವೆ ನಾನು ಆರೋಪಿಯಂತೆ. "ಎಷ್ಟು ಜಾಸ್ತಿ ಆಯ್ತು ಸ್ಪೀಡು?" ಎಂದು ಶುರುಮಾಡುತ್ತಾರೆ. ಒಂದು ಸಲ ತಡೆಯಲಾರದೆ ಅವರನ್ನು ಕೂರಿಸಿಕೊಂಡು ಪಾಠವನ್ನೇ ಮಾಡಿದೆ.

ಮೊಪೆಡ್ ಹಿಂದೆ ಕೂತು ತಲೆಯ ಮೇಲೆ ಒಂದು ಹಗ್ಗ ತಿರುಗಿಸುತ್ತಿದ್ದೀರಿ ಅಂದುಕೊಳ್ಳಿ ಮಾವ, ಅಂದೆ. ಮೊಪೆಡ್ ನಿಂತಿದ್ದಾಗ ಹಗ್ಗಕ್ಕೆ ಎಲ್ಲ ಕಡೆಯೂ ಒಂದೇ ಗಾಳಿ. ಗಾಡಿ ಹೊರಟಿತೋ, ಮುಂದಕ್ಕೆ ಬೀಸುವ ಕಡೆ ಗಾಳಿ ಜಾಸ್ತಿ, ಹಿಂದಕ್ಕೆ ಬರುವ ಕಡೆ ಕಡಿಮೆ. ಹೆಲಿಕಾಪ್ಟರಿನ ರೆಕ್ಕೆಗೂ ಇದೇ ಪಾಡು. ವೇಗ ಏರಿಸುತ್ತಾ ಹೋದಂತೆ ಮುಂದಕ್ಕೆ ಹೋಗುವ ರೆಕ್ಕೆಯ ತುದಿ ಶಬ್ದದ ವೇಗದ ಹತ್ತಿರಕ್ಕೆ ಹೋಗುತ್ತದೆ. ಆಗ ಗಾಳಿಗೆ ಪಕ್ಕಕ್ಕೆ ಸರಿಯಲು ಪುರುಸೊತ್ತು ಸಿಗದೆ ಪಟಪಟ ಏಟು ತಿನ್ನುತ್ತದೆ. ಆ ಏಟು ನೆಲದವರೆಗೂ ಕೇಳಿಸುತ್ತದೆ. ಹಾಗೆಂದು ರೆಕ್ಕೆಯನ್ನೇ ನಿಧಾನವಾಗಿ ತಿರುಗಿಸಿದರೆ, ಹಿಂದಕ್ಕೆ ಬರುವ ರೆಕ್ಕೆಗೆ ಗಾಳಿಯೇ ಸಾಲದೆ ಅದು ಭಾರ ಹೊರುವುದನ್ನು ಬಿಟ್ಟುಬಿಡುತ್ತದೆ, ಯಂತ್ರ ಒಂದು ಕಡೆಗೆ ವಾಲಿಕೊಳ್ಳುತ್ತದೆ. ಆ ಕಡೆ ಹೋದರೂ ಕಷ್ಟ, ಈ ಕಡೆ ಬಂದರೂ ಕಷ್ಟ.

ಮಾವ ಅಂಗಳಕ್ಕೆ ಎಲೆಅಡಿಕೆ ಉಗಿದು ಬಂದರು. ಆಮೇಲೆ, "ಹೊಟ್ಟೆ ಬಿರಿಯ ಉಂಡೋನ್ನೂ ಉಪವಾಸ ಇರೋನ್ನೂ ಒಂದೇ ನೊಗಕ್ಕೆ ಕಟ್ಟಿದೀರಿ ಅನ್ನು" ಎಂದರು.

ಇದಕ್ಕಿಂತ ಚೆನ್ನಾಗಿ ಯಾರೂ ಹೇಳಿರಲಿಲ್ಲ. ಮರುವಾರ ಕಚೇರಿಯ ಸಭೆಯಲ್ಲಿ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದೆ, ನನ್ನದೇ ಮಾತೆಂಬಂತೆ. ಎಲ್ಲರೂ ತಲೆದೂಗಿದರು. ಮಾವನಿಗೆ ಇದನ್ನು ಇವತ್ತಿಗೂ ಹೇಳಿಲ್ಲ, ಹೇಳಿದರೆ ಅವರನ್ನು ಹಿಡಿಯುವವರಿಲ್ಲ.

ಪಾಠ ಅಲ್ಲಿಗೆ ಮುಗಿದಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಮುದ್ದೆ ನುಂಗುತ್ತಾ ಅವರು, "ಎರಡು ಫ್ಯಾನ್ ಹಾಕ್ರಿ ಅತ್ಲಾಗೆ. ಒಂದು ಬಲಕ್ಕೆ ತಿರುಗಲಿ, ಒಂದು ಎಡಕ್ಕೆ. ಸರಿಹೋಯ್ತದೆ" ಎಂದರು. ಹೊರದೇಶಗಳಲ್ಲಿ ದೊಡ್ಡ ದೊಡ್ಡವರು ವರ್ಷಗಟ್ಟಲೆ ತಲೆ ಕೆಡಿಸಿಕೊಂಡು ಮಾಡಿರುವುದೂ ಅದನ್ನೇ. ಅದರ ತೂಕ, ಅದರ ನಡುಕ, ಅದರ ಖರ್ಚು ಎಂದು ನಾನು ಏನೇನೋ ತಕರಾರು ತೆಗೆದೆ. ಅತ್ತೆ ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟು, "ಉಣ್ಣು, ಉಣ್ಣು, ಸಿಟ್ಟು ಆಮೇಲೆ ಮಾಡ್ಕೊ" ಎಂದರು.

ಈಗ ಮಾವನ ಅಟ್ಟದ ವಿಷಯ ಹೇಳಬೇಕು. ನಮ್ಮ ಕಡೆ ಉಂಡೆ ಕೊಬ್ಬರಿ ಆಗಬೇಕಾದರೆ ತೆಂಗಿನಕಾಯಿ ಸಿಪ್ಪೆ ಸಮೇತ ಅಟ್ಟದಲ್ಲಿ ಹೆಚ್ಚುಕಡಿಮೆ ಒಂದು ವರ್ಷ ಕೂತಿರಬೇಕು. ಒಳಗಿನ ನೀರು ಪೂರ್ತಿ ಇಂಗಿ, ಕೊಬ್ಬರಿ ಕರಟ ಬಿಟ್ಟು, ಅಲ್ಲಾಡಿಸಿದರೆ ಲೊಟಲೊಟ ಎನ್ನಬೇಕು. ನೀರಿರುವಾಗಲೇ ಅವಸರಪಟ್ಟು ಒಡೆದರೆ ಕೆಲಸ ಕೆಟ್ಟಿತು. ಹಾಗಾಗಿ ಕಾಯಿ ಇಳಿಸುವ ಮುಂಚೆ ಏಣಿ ಹತ್ತಿ, ಯಾವ ಮೂಲೆಯ ಕಾಯಿ ಹದಕ್ಕೆ ಬಂದಿದೆ ಎಂದು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಬೇಕು. ಮಾವ ಈ ಕೆಲಸವನ್ನು ಬೇರೆಯವರ ಕಿವಿಗೆ ಬಿಟ್ಟವರಲ್ಲ. ಆದರೆ ಎರಡು ವರ್ಷದಿಂದ ಅವರ ಮಂಡಿ ಏಣಿಯನ್ನು ಕಂಡರೆ ಮುಷ್ಕರ ಹೂಡುತ್ತದೆ.

ಅದಕ್ಕೆ ಅವರು ಕಂಡುಕೊಂಡ ಉಪಾಯ ನಾನು. ಅಂದರೆ ನಮ್ಮ ಹೆಲಿಕಾಪ್ಟರು. ನಮ್ಮ ಪರೀಕ್ಷಾ ಹಾರಾಟ ಆಗಾಗ ಬಿಳಿಗೆರೆಯ ತೋಟಗಳ ಮೇಲೇ ಹೋಗುತ್ತದೆ. ಹಳೆಯ ರೆಕ್ಕೆಯ ಯಂತ್ರ ಜೋರಾಗಿ ಹೋದಾಗ ಆ ಏಟಿಗೆ ಸೂರಿನ ತಗಡು ಅದುರಿ, ಅಟ್ಟದ ಬಿದಿರಿನ ಗಳುಗಳು ಅದುರಿ, ಹದವಾದ ಕಾಯಿಗಳ ಒಳಗೆ ಕೊಬ್ಬರಿ ಸದ್ದು ಮಾಡುತ್ತದೆ ಎಂಬುದು ಮಾವನ ಸಿದ್ಧಾಂತ. ದೂರದಲ್ಲಿ ಪಟಪಟ ಕೇಳಿಸಿದ ಕೂಡಲೇ ಅಟ್ಟದ ಕೆಳಗೆ ಹೋಗಿ ಕತ್ತೆತ್ತಿ ನಿಲ್ಲುತ್ತಾರೆ. ಯಂತ್ರ ದಾಟಿ ಹೋದ ಮೇಲೆ, "ಬಚ್ಚಲ ಕಡೆ ಮೂಲೆ ಆಗೈತೆ. ಕೊಟ್ಟಿಗೆ ಕಡೇದು ಇನ್ನೂ ನೀರು" ಎಂದು ತೀರ್ಪು ಕೊಡುತ್ತಾರೆ.

ಅದುರುವುದು ತಗಡು, ಕಾಯಿಯಲ್ಲ ಎಂದು ನಾನು ವಾದಿಸಿದೆ. ಆದರೆ ಅವರು ಹೇಳಿದ ಮೂಲೆಯ ಕಾಯಿಗಳನ್ನು ನನ್ನ ಎದುರಿಗೇ ಸುಲಿದು ಒಡೆದಾಗ ಒಂದರಲ್ಲೂ ಹನಿ ನೀರಿರಲಿಲ್ಲ.

ಈ ವರ್ಷ ನನ್ನ ರೆಕ್ಕೆಯ ಸರದಿ ಬಂತು. ತುದಿಯ ಆ ಒಂದು ಮೊಳವನ್ನು ತೆಳ್ಳಗೆ ಮಾಡಿ, ಹಿಂದಕ್ಕೆ ಬಾಗಿಸಿದ್ದೆ. ಗಾಳಿಗೆ ಏಟು ಬೀಳದೆ ಅದು ಜಾರಿಕೊಂಡು ಹೋಗಲಿ ಎಂದು. ಕಂಪ್ಯೂಟರಿನಲ್ಲಿ ಎಲ್ಲವೂ ಚೆಂದವೇ. ಹಾರಾಟದ ಮುಂಚೆ ನಮ್ಮ ಹಿರಿಯ ಅಧಿಕಾರಿ ನನ್ನನ್ನು ಕರೆದು, ವೇಗದಲ್ಲಿ ಏಟು ಕಡಿಮೆಯಾಗದಿದ್ದರೆ ಹಳೆಯ ರೆಕ್ಕೆಯನ್ನೇ ಇಟ್ಟುಕೊಳ್ಳೋಣ, ಇದಕ್ಕೆ ಇನ್ನೊಂದು ಅವಕಾಶ ಇಲ್ಲ ಎಂದು ತಣ್ಣಗೆ ಹೇಳಿದರು. ಅಂದರೆ ನನ್ನ ಆರು ವರ್ಷ ಗೋದಾಮಿನ ಮೂಲೆಗೆ. ನಾನೂ ಬಹುಶಃ ಇನ್ನೊಬ್ಬರ ನಟ್ಟು ಬೋಲ್ಟು ಎಣಿಸುವುದಕ್ಕೆ.

ಗುರುವಾರ ಹಾರಾಟ ಮುಗಿಯಿತು. ಪೈಲಟ್ ಇಳಿದು ಬಂದು "ಚೆನ್ನಾಗಿತ್ತು" ಎಂದರು. ಅವರು ಕ್ಯಾಂಟೀನಿನ ಉಪ್ಪಿಟ್ಟಿಗೂ ಹಾಗೇ ಹೇಳುವವರು. ಉಪಕರಣಗಳು ಬರೆದುಕೊಂಡಿದ್ದನ್ನು ಬಿಡಿಸಿ ಓದಲು ಎರಡು ವಾರ ಬೇಕು ಎಂದು ಪರೀಕ್ಷಾ ವಿಭಾಗದವರು ಹೇಳಿದರು. ಆ ಎರಡು ವಾರದಲ್ಲಿ ಮೂರೇ ದಿನ ಕಳೆಯುವಷ್ಟರಲ್ಲಿ ನಾನು ಕಚೇರಿಯಲ್ಲಿ ಎಲ್ಲರ ಜೊತೆಗೂ ಜಗಳವಾಡಿ ಮುಗಿಸಿದ್ದೆ. ಭಾನುವಾರ ಬೆಳಿಗ್ಗೆ ತಿಪಟೂರಿನ ರೈಲು ಹತ್ತಿದೆ. ಸೋಮವಾರ ಮಾವನ ಮನೆಯಲ್ಲಿ ಕಾಯಿ ಸುಲಿಯುವವರು ಬರುವುದಿತ್ತು, ಆ ಗಲಾಟೆಯಲ್ಲಾದರೂ ನನ್ನದು ಮರೆಯಬಹುದು ಎಂದುಕೊಂಡಿದ್ದೆ.

ಹೋಗಿ ನೋಡಿದರೆ ಮಾವ ಮುಖ ಊದಿಸಿಕೊಂಡು ಜಗಲಿಯ ಮೇಲೆ ಕೂತಿದ್ದಾರೆ. ಸ್ಪೀಡು ಎಷ್ಟಾಯಿತು ಎಂದು ಕೇಳಲಿಲ್ಲ.

"ಏನಾಯ್ತು ಮಾವ?"

"ಗುರುವಾರ ಬತ್ತದೆ ಅಂದಿದ್ದೆ ನೀನು" ಎಂದರು. ಫೋನಿನಲ್ಲಿ ಬಾಯಿತಪ್ಪಿ ಹೇಳಿದ್ದೆ, ನಿಜ. "ಬೆಳಗ್ಗಿಂದ ಅಟ್ಟದ ಕೆಳಗೆ ನಿಂತಿದ್ದೆ ಕಣಮ್ಮ. ಕಾಫಿನೂ ಅಲ್ಲೇ ಕುಡಿದೆ. ಬಂತು, ಹೋಯ್ತು. ಅಟ್ಟ ಮಿಸುಕಲಿಲ್ಲ. ಒಂದು ಕಾಯಿ ಲೊಟಕ್ ಅನ್ನಲಿಲ್ಲ. ನಾಳೆ ಸುಲಿಯೋರು ಬತ್ತಾರೆ, ಯಾವ ಮೂಲೆ ಇಳಿಸಲಿ ನಾನು? ಕೆಟ್ಟೋಗೈತೆ ನಿಮ್ಮ ಮಿಶಿನ್ನು."

ನಾನು ಚಪ್ಪಲಿ ಕಳಚುವುದನ್ನು ಅರ್ಧಕ್ಕೇ ಬಿಟ್ಟೆ. ಎಷ್ಟು ಎತ್ತರದಲ್ಲಿ ಹೋಯಿತು ಎಂದು ಕೇಳಿದೆ. ಅಂಗಳದಲ್ಲಿದ್ದ ಅತ್ತೆ ನೋಡಿದ್ದಾರೆ, ಯಾವಾಗಲೂ ಹೋಗುವಷ್ಟೇ ಎತ್ತರ ಎಂದರು. ತೋಟದ ಮೇಲೋ, ಕೆರೆಯ ಆಚೆಗೋ? ತೋಟದ ಮೇಲೇ. ಗಾಳಿ ಇತ್ತಾ? ಗರಿ ಅಲ್ಲಾಡುತ್ತಿರಲಿಲ್ಲ. ನಿಧಾನವಾಗಿ ಹೋಯಿತೇನೋ ಎಂದೆ, ಪೊಲೀಸರ ದನಿಯಲ್ಲಿ.

ಅದಕ್ಕೆ ಬಾಗಿಲ ಬಳಿಯಿಂದ ಅತ್ತೆ ಸಾಕ್ಷಿ ಹೇಳಿದರು. "ನಿಧಾನವಾ? ಹಿಂಗೆ ಬಂದು ಹಂಗೆ ಹೋಯ್ತು. ಬನ್ನಿ ನೋಡಿ ಅಂತ ಇವರನ್ನ ಕರೆಯೋಷ್ಟರಲ್ಲಿ ಇರಲಿಲ್ಲ. ಯಾವಾಗ್ಲೂ ಅದು ಬಂದ್ರೆ ನಮ್ಮ ಹಸು ಹಗ್ಗ ಜಗ್ತದೆ. ಮೊನ್ನೆ ಸುಮ್ನೆ ಮೆಲುಕು ಹಾಕ್ತಾ ನಿಂತಿತ್ತು."

ನಾನು ಅಲ್ಲೇ ಮೆಟ್ಟಿಲ ಮೇಲೆ ಕೂತೆ. ಎರಡು ವಾರ ಕಾಯಬೇಕಾಗಿದ್ದ ಉತ್ತರವನ್ನು ಒಬ್ಬ ಮಂಡಿನೋವಿನ ಮುದುಕ, ಒಬ್ಬ ಅತ್ತೆ, ಒಂದು ಹಸು ಸೇರಿ ಹೇಳಿಬಿಟ್ಟಿದ್ದರು. ಮೊದಲಿಗಿಂತ ಜೋರಾಗಿ ಹೋಗಿತ್ತು, ಏಟು ಇರಲಿಲ್ಲ. ಕಣ್ಣಲ್ಲಿ ನೀರು ತುಂಬಿ ಬಂತು. ಆರು ವರ್ಷದಲ್ಲಿ ಒಂದು ಸಲವೂ ಅತ್ತಿರಲಿಲ್ಲ. ಈಗ ಮೂಗು ಸೊರಸೊರ ಎನ್ನುವಷ್ಟು ಅತ್ತೆ.

ಮಾವ ಗಾಬರಿಯಾದರು. ಗೋಡೆ ಹಿಡಿದು ಎದ್ದು ಬಂದು ನನ್ನ ತಲೆಯ ಮೇಲೆ ಕೈಯಿಟ್ಟರು. ಕಾಲೆಳೆಯುವ ದನಿ ಎಲ್ಲಿಗೋ ಹೋಗಿತ್ತು. "ಅಳಬ್ಯಾಡ ಕಣಮ್ಮ. ನಾನು ಸುಮ್ನೆ ಅಂದೆ. ಒಂದು ಸಲ ಕೆಟ್ಟರೆ ಏನಾಯ್ತು ಬುಡು. ಮುಂದಿನ ಸಲ ಚೆನ್ನಾಗಿ ಅದುರ್ತದೆ."

ನನಗೆ ಅಳುವಿನ ನಡುವೆಯೇ ನಗು ಬಂತು. "ಕೆಟ್ಟಿಲ್ಲ ಮಾವ. ಅದುರಬಾರದು ಅಂತಲೇ ಆರು ವರ್ಷ ಒದ್ದಾಡಿದ್ದು. ಆ ಒಂದು ಮೊಳ ಮಾಡಿದ್ದೇ ಅದಕ್ಕೆ."

ಅವರು ನನ್ನನ್ನೇ ನೋಡಿದರು. ಅರ್ಥವಾದ ಮೇಲೆ ಅವರ ಮುಖ ಅರಳಿದ್ದನ್ನು ನಾನು ಮರೆಯಲಾರೆ. "ಕೇಳಿದ್ಯೇನೇ? ನಮ್ಮ ಹುಡುಗಿ ಗೆದ್ದಳು ಕಣೇ" ಎಂದು ಅತ್ತೆಗೆ ಹೇಳಿದರು, ಅತ್ತೆ ಪಕ್ಕದಲ್ಲೇ ನಿಂತಿದ್ದರೂ.

ಆಮೇಲೆ ತಲೆಯೆತ್ತಿ ಅಟ್ಟದ ಕಡೆ ನೋಡಿದರು. ಬಗ್ಗಿ ತಮ್ಮ ಮಂಡಿ ನೋಡಿಕೊಂಡರು.

"ಹಂಗಾದ್ರೆ ಇನ್ಮ್ಯಾಲೆ ಅದುರೋದೇ ಇಲ್ವಾ?"

"ಇಲ್ಲ ಮಾವ."

"ಯಾವತ್ತೂ?"

"ನನ್ನ ರೆಕ್ಕೆ ಇರೋವರೆಗೂ ಇಲ್ಲ."

ಮಾವ ಗೋಡೆಗೆ ಒರಗಿಸಿದ್ದ ಏಣಿಯನ್ನು ಕಣ್ಣಲ್ಲೇ ತೋರಿಸಿದರು. "ಹಂಗಾದ್ರೆ ನೀನೇ ಹತ್ತು" ಎಂದರು.

ನಾನು ದುಪಟ್ಟಾ ಸೊಂಟಕ್ಕೆ ಬಿಗಿದುಕೊಂಡು ಅಟ್ಟ ಹತ್ತಿದೆ. ಸಂಜೆಯವರೆಗೂ ಮೂಲೆ ಮೂಲೆಯ ಕಾಯಿ ತೆಗೆದು ಕಿವಿಯ ಹತ್ತಿರ ಅಲ್ಲಾಡಿಸಿದೆ. ಮೈಯೆಲ್ಲ ಮಸಿ, ಕೂದಲಲ್ಲಿ ಜೇಡರ ಬಲೆ. ಕೆಳಗೆ ಮಾವ ಎಂದಿನ ಜಾಗದಲ್ಲಿ ಕತ್ತೆತ್ತಿ ನಿಂತು, "ಇನ್ನೊಂದು ಸಲ ಅಲ್ಲಾಡ್ಸು, ನಂಗೆ ಕೇಳಿಸ್ಲಿಲ್ಲ" ಎನ್ನುತ್ತಿದ್ದರು.