ಬಾಟಲಿಯ ಮೂಲಂಗಿ, ಅತ್ತೆಯ ಕೈ

ಸಾರಿನ ಮೊದಲ ತುತ್ತಿಗೇ ನಮ್ಮವರ ಒಂದು ಕಣ್ಣು ಮುಚ್ಚಿಕೊಂಡಿತು. ಮೂಲಂಗಿ ಸಾರು ಅಷ್ಟು ಹುಳಿ ಇರುತ್ತದೆಂದು ನಾನೂ ಎಣಿಸಿರಲಿಲ್ಲ. ಅತ್ತೆ ಮುದ್ದೆ ಮುರಿದ ಕೈಯನ್ನು ಹಾಗೇ ತಟ್ಟೆಯಲ್ಲಿಟ್ಟು ಕೂತುಬಿಟ್ಟರು.

ತಪ್ಪು ಯಾರದು? ಮೊದಲಿನಿಂದ ಹೇಳುತ್ತೇನೆ.

ಈ ಬೇಸಿಗೆಯಲ್ಲಿ ನಮ್ಮವರಿಗೆ ಬಿಪಿ ಬಂತು. ಡಾಕ್ಟರು ಮೊದಲು ಕಿತ್ತುಕೊಂಡದ್ದೇ ಉಪ್ಪಿನಕಾಯಿ. ಅಮೃತೂರಿನಿಂದ ಅತ್ತೆ ವರ್ಷ ವರ್ಷ ಕಳಿಸುವ ಮಾವಿನಕಾಯಿ ಜಾಡಿ ಅಷ್ಟರಲ್ಲಿ ಬಂದಿತ್ತು. ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ. (ಕಣ್ಣೆದುರಿದ್ದರೆ ಇವರ ಕೈ ಸುಮ್ಮನಿರುತ್ತದೆಯೇ? ಇವರೆದುರು ನಾನಾದರೂ ಹೇಗೆ ತಿನ್ನಲಿ?) ಅಮ್ಮನಿಗೆ ಬಿಪಿ ವಿಷಯ ಹೇಳಕೂಡದು, ಗಾಬರಿಯಾಗ್ತಾರೆ ಅಂತ ಇವರ ಆರ್ಡರ್. ಅತ್ತೆಯೋ ಫೋನ್ ಮಾಡಿದಾಗಲೆಲ್ಲ "ಉಪ್ಪಿನ್ಕಾಯಿ ಎಂಗಾಗದವ್ವಾ?" ಅನ್ನುವವರು. ನಾನು ಮಳೆ, ಬಸ್ಸು ಅಂತ ಮಾತು ತಿರುಗಿಸುವವಳು. ಫೋನ್ ಇಟ್ಟ ಮೇಲೂ ಕಸಿವಿಸಿ.

ಇವರಿಗೋ ಬರೀ ಮೊಸರನ್ನ ಗಂಟಲಲ್ಲಿ ಇಳಿಯದು. ಅದಕ್ಕೇ ಟೀವಿಯಲ್ಲಿ ನೋಡಿದ ಫ್ರಿಜ್ ಉಪ್ಪಿನಕಾಯಿಗೆ ಕೈ ಹಾಕಿದೆ. ಹಿತ್ತಲಿನ ಮೂಲಂಗಿ, ಸೌತೆಕಾಯಿ, ಬೀನ್ಸ್ ಹೆಚ್ಚಿ ಬಾಟಲಿಗೆ ತುಂಬಿದೆ. ವಿನೆಗರ್, ನೀರು, ಸಕ್ಕರೆ, ಚಿಟಿಕೆ ಉಪ್ಪು ಕುದಿಸಿ ಮೇಲೆ ಸುರಿದೆ. ಆರಿದ ಮೇಲೆ ಫ್ರಿಜ್ಜಿಗೆ. ಎಣ್ಣೆಯಿಲ್ಲ, ಬಿಸಿಲಿಲ್ಲ, ಒಂದು ದಿನ ಕಾದರೆ ಸಾಕು. ಆ ಒಂದು ದಿನ ಕಾಯಲು ನನ್ನಿಂದಾಗಬೇಕಲ್ಲ? ಬಾಗಿಲು ತೆಗೆಯುವುದು, ಒಂದು ಚೂರು ಬಾಯಿಗೆ ಹಾಕಿಕೊಳ್ಳುವುದು, ಮುಚ್ಚುವುದು. "ಫ್ರಿಜ್ ತಣ್ಣಗಾಗೋಕಾದ್ರೂ ಬಿಡೇ" ಅಂತ ಇವರ ಗೊಣಗಾಟ.

ಮಾರನೆಯ ದಿನ ಭಾನುವಾರ. ಹೇಳದೆ ಕೇಳದೆ ಅತ್ತೆ ಬೆಳಗಿನ ಬಸ್ಸಿಗೆ ಬಂದಿಳಿದರು. ಕಾಫಿ ಕೊಟ್ಟು, ರಾಗಿ ಬೀಸಿಸಲು ಮಿಲ್ಲಿಗೆ ಓಡಿದೆ. ಅಲ್ಲಿ ಉದ್ದನೆಯ ಕ್ಯೂ. ವಾಪಸ್ ಬರುವಷ್ಟರಲ್ಲಿ ಸಾರು ಕುದಿಯುತ್ತಿತ್ತು, ಬಾಟಲಿ ತೊಳೆದು ಬೋರಲು ಹಾಕಿದ್ದರು.

"ತರಕಾರಿ ಹೆಚ್ಚಿ ನೀರಲ್ಲಿ ಹಾಕಿ ಮರ್ತ್ಬುಟ್ಟಿದ್ದೀಯ ಕಣವ್ವ. ಆಗ್ಲೇ ಹುಳಿ ವಾಸ್ನೆ ಬಂದಿತ್ತು. ಚೆನ್ನಾಗಿ ತೊಳ್ದು ಸಾರಿಗೆ ಹಾಕ್ದೆ" ಅಂದರು ಅತ್ತೆ.

ಬದನೆಕಾಯಿ ಹೆಚ್ಚಿ ನೀರಿಗೆ ಹಾಕುವವರು ಇನ್ನೇನು ಅಂದುಕೊಂಡಾರು? ಸಾಲದ್ದಕ್ಕೆ ಹುಣಸೆಹಣ್ಣನ್ನೂ ಹಿಂಡಿದ್ದರು. ಅದು ಉಪ್ಪಿನಕಾಯಿ ಅಂದರೆ, ಜಾಡಿ ಇರುವಾಗ ಇದ್ಯಾಕೆ ಅನ್ನುತ್ತಾರೆ. ಬಾಯಿ ಮುಚ್ಚಿಕೊಂಡು ಬಡಿಸಿದೆ.

"ನನ್ನ ಕೈ ಹೋಯ್ತು ಕಣ್ಲಾ" ಅಂದರು ಅತ್ತೆ, ಮಗನ ಆ ಮುಚ್ಚಿದ ಕಣ್ಣು ನೋಡಿ. "ಅಕ್ಕಿ ತಗಿಯೋವಾಗ ಜಾಡಿ ನೋಡ್ದೆ. ತುಂಬಿದ್ದು ತುಂಬ್ದಂಗೇ ಅದೆ. ಚೆನ್ನಾಗಿಲ್ಲ ಅಂತ ಹೇಳೋಕಾಗ್ದೆ ಮಡಗಿದ್ದೀರಿ. ಈಗ ಸಾರೂ ಕೆಟ್ಟೋಯ್ತು. ಇನ್ಮೇಲೆ ನಾನು ಹಾಕಲ್ಲ ಬುಡು."

ನಮ್ಮ ಕಡೆ ಉಪ್ಪಿನಕಾಯಿ ಕೆಟ್ಟರೆ ಮಾವಿನಕಾಯಿಯನ್ನು ಬೈಯುವುದಿಲ್ಲ, ಹಾಕಿದವಳ ಕೈ ಸರಿಯಿಲ್ಲ ಅನ್ನುತ್ತಾರೆ. ನೆಂಟರಿಷ್ಟರ ಮದುವೆಗೆಲ್ಲ ಉಪ್ಪಿನಕಾಯಿ ಹಾಕಲು ಅತ್ತೆಗೇ ಕರೆ. ಆ ಕೈಯನ್ನೇ ಅವರು ತಟ್ಟೆಯಲ್ಲಿ ಇಟ್ಟುಕೊಂಡು ನೋಡುತ್ತಿದ್ದರು.

ಇವರು ಟೇಬಲ್ಲಿನ ಕೆಳಗೆ ನನ್ನ ಕಾಲು ತುಳಿದರು. ತುಳಿದರೆ ತುಳಿಯಲಿ. ಬಾಟಲಿ, ವಿನೆಗರ್, ಡಾಕ್ಟರು, ಬಿಪಿ, ಎಲ್ಲ ಒಂದೇ ಉಸಿರಿಗೆ ಹೇಳಿಬಿಟ್ಟೆ.

ಅತ್ತೆ ಗಾಬರಿಯಾದರೇ? ಎಲ್ಲಿ.

"ಬಿಪಿನಾ? ನಂಗೂ ಅದೆ. ಯುಗಾದಿಗೆ ಮುಂಚೇನೇ ಕುಣಿಗಲ್ ಡಾಕ್ಟ್ರು ಹೇಳವ್ರೆ. ನೀವು ಗಾಬರಿಯಾಗ್ತೀರಿ ಅಂತ ಹೇಳ್ನಿಲ್ಲ. ಉಪ್ಪು ಬಾಯಿಗೆ ಹಾಕ್ಬೇಡ ಅಂದವ್ರೆ. ಅದಕ್ಕೇ ಈ ಸಲ ರುಚಿ ನೋಡ್ನಿಲ್ಲ, ಕೈ ಅಂದಾಜಲ್ಲೇ ಹಾಕ್ದೆ. ಅವತ್ತಿಂದ ನೆಮ್ಮದಿ ಇಲ್ಲ ಕಣವ್ವ. ಎಂಗಾಗದೋ ಕೇಳ್ಕೊಂಡ್ ಹೋಗಾಣ ಅಂತ್ಲೇ ಬಂದಿದ್ದು."

ಬಿಪಿ ಇಲ್ಲದವಳು ಮನೆಯಲ್ಲಿ ನಾನೊಬ್ಬಳೇ. ಅತ್ತೆ ಎದ್ದು ಜಾಡಿ ತಂದು ನನ್ನ ಮುಂದಿಟ್ಟರು. ತಾಯಿ, ಮಗ ಇಬ್ಬರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಂದು ಹೋಳು ಹಾಕಿಕೊಂಡೆ. ಉಪ್ಪು ಮುಂದಾಗಿತ್ತು. ಸ್ವಲ್ಪವಲ್ಲ, ಕಣ್ಣಲ್ಲಿ ನೀರು ಬರುವಷ್ಟು.

"ಹೋದ ವರ್ಷದ ಹಾಗೇ ಇದೆ ಅತ್ತೆ" ಅಂದೆ.

ಅವರ ಮುಖ ಅರಳಿತು. "ಅಂಗಾದ್ರೆ ಕೊತ್ತಗೆರೇಲಿ ನನ್ನ ತಮ್ಮನ ಮಗಳ ಮದ್ವೆಗೂ ನಾನೇ ಹಾಕ್ತೀನಿ. ಇದೇ ಅಂದಾಜು ಸರಿ" ಅಂದವರೇ ಮುದ್ದೆಗೆ ಕೈ ಹಾಕಿದರು.

ಈಗ ಹೇಳಿ, ಊಟಕ್ಕೆ ಬರುವವರು ಬಿಪಿ ನೋಡಿಸಿಕೊಂಡೇ ಬರಬೇಕು ಅಂತ ಲಗ್ನಪತ್ರಿಕೆಯ ಕೆಳಗೆ ಅಚ್ಚು ಹಾಕಿಸಲೇ?