ಹಾಸಿಗೆಗೆ ಕಿವಿಗೊಡುತ್ತಿದ್ದ ತಾತ

ಅವರ ಎಡಗಿವಿ ಬಲಗಿವಿಗಿಂತ ಚಪ್ಪಟೆಯಾಗಿತ್ತು. ಹಾಸಿಗೆಗಳ ಮೇಲೆ ವರ್ಷಗಟ್ಟಲೆ ಒತ್ತಿ ಒತ್ತಿ ಹಾಗಾಯಿತೆಂದು ಅವರೇ ಹೇಳುತ್ತಿದ್ದರು. ತಮಿಳು ಗಡಿಗಂಟಿದ ಆಲಸನತ್ತಂನಲ್ಲಿ ನಮ್ಮ ಬಾಡಿಗೆ ಮನೆಯ ಬೀದಿ ಮುಗಿಯುವಲ್ಲಿ ಅವರ ತಗಡಿನ ಶೆಡ್ಡು. ಜನ ಬಳಸಿದ ಹಾಸಿಗೆ, ಅಂಗಡಿಯವರು ತೋರಿಸಲೆಂದು ಇಟ್ಟು ತೆಗೆದ ಹಾಸಿಗೆ, ಎರಡನ್ನೂ ಮಾರುತ್ತಿದ್ದರು. ಬೀದಿಗೆಲ್ಲ ಅವರು ತಾತ.

ಮಾರಲು ಬಂದವರನ್ನು ಅವರು ಕೇಳುತ್ತಿದ್ದುದು ಒಂದೇ ಮಾತು: ಇದರ ಮೇಲೆ ಯಾರು ಮಲಗುತ್ತಿದ್ದರು? "ತಮಿಳು, ತೆಲುಗು, ಕನ್ನಡ, ಮೂರ್ರಲ್ಲೂ ಸುಳ್ಳೇ ಹೇಳ್ತಾರೆ ಕಣ್ಲಾ. ಹಾಸಿಗೆ ಸುಳ್ಳು ಹೇಳಲ್ಲ" ಎನ್ನುವರು. ಅವರ ಹಳ್ಳಿಯಲ್ಲಿ ಸತ್ತವರ ಹಾಸಿಗೆಯನ್ನು ಊರಾಚೆ ಎಸೆದು, ತಿರುಗಿ ನೋಡದೆ ಬರುತ್ತಿದ್ದರಂತೆ. ಪಟ್ಟಣದವರು ಫೋನಿನಲ್ಲಿ ಫೋಟೋ ಹಾಕಿ ಮಾರುತ್ತಾರೆ. ಅದಕ್ಕೇ ತಾತ ಮಧ್ಯಾಹ್ನದ ಊಟವಾದ ಮೇಲೆ, ಬಂದ ಹಾಸಿಗೆಗೆ ಎಡಗಿವಿ ಒತ್ತಿ ಒಂದು ನಿದ್ದೆ ತೆಗೆಯುವರು. ಎದ್ದ ಮೇಲೇ ವ್ಯಾಪಾರ.

ನಾನು ಮಾಲೂರು ಕಡೆಯಿಂದ ಕಾರ್ಖಾನೆ ಕೆಲಸಕ್ಕೆ ಬಂದವನು. ಹೆಂಡತಿಗೆ ಆಗ ಎಂಟು ತಿಂಗಳು. ಚಾಪೆಯ ಮೇಲೆ ಸೊಂಟ ಹಿಡಿದು ವಾರಗಟ್ಟಲೆ ನಿದ್ದೆಯಿರಲಿಲ್ಲ. ಹಿಂದಿನ ಸಲ ಬಸಿರು ಉಳಿದಿರಲಿಲ್ಲವಾದ್ದರಿಂದ ನನಗೆ ಒಳಗೊಳಗೇ ಪುಕುಪುಕು.

ಭಾನುವಾರ ಮಧ್ಯಾಹ್ನ ಶೆಡ್ಡಿಗೆ ಹೋದೆವು. ಎರಡು ಹಾಸಿಗೆಗಳಿದ್ದವು. ಒಂದು, ಅಂಗಡಿಯಲ್ಲಿ ತೋರಿಸಲು ಇಟ್ಟಿದ್ದು; ಬಿಸಿಲಿಗೆ ಅದರ ಮೂಲೆ ಹಳದಿಯಾಗಿತ್ತು. ಇನ್ನೊಂದು ಬಳಸಿದ್ದು, ಆದರೆ ಹೊಚ್ಚ ಹೊಸದರಂತಿತ್ತು. ನಮ್ಮಿಬ್ಬರಿಗೂ ಅದೇ ಬೇಕು.

"ಅದು ಬ್ಯಾಡ ಕಣಮ್ಮಾ" ಎಂದರು ತಾತ. "ಅದ್ರಲ್ಲಿ ಮಲಗ್ದೋರು ಇನ್ನೂ ಎದ್ದಿಲ್ಲ. ನಾಳೆ ಬೇರಿಕೆಗೋಗೋ ದಾರೀಲಿ ಊರಾಚೆ ಹಾಕ್ಬುಟ್ಟು ಬತ್ತೀನಿ."

ನನಗೆ ಸಿಟ್ಟು ಬಂತು. ಬೇರೆ ಯಾರಿಗೋ ಎತ್ತಿಟ್ಟಿದ್ದಾರೆ ಅನ್ನಿಸಿತು. "ಮಲಗಿ ನೋಡೇ" ಎಂದೆ ಹೆಂಡತಿಗೆ. ತಾತ ಬೇಡವೆನ್ನುವುದರೊಳಗೆ ಅವಳು ಮಲಗಿಯಾಗಿತ್ತು.

ಮಲಗಿದವಳಿಗೆ ಆ ಕ್ಷಣವೇ ನಿದ್ದೆ. ನಾನು ಗೆದ್ದವನ ಹಾಗೆ ತಾತನ ಮುಖ ನೋಡಿದೆ. ಅವರು ನನ್ನನ್ನು ನೋಡುತ್ತಿರಲಿಲ್ಲ. ನನ್ನ ಹೆಂಡತಿ ನಿದ್ದೆಯಲ್ಲೇ, ತುಂಬಿದ ಹೊಟ್ಟೆ ಹಿಡಿದುಕೊಂಡು, ಮೆಲ್ಲಗೆ ಅಂಚಿಗೆ ಜರುಗುತ್ತಿದ್ದಳು. ಇನ್ನೊಂದು ಗೇಣು ಜರುಗಿದ್ದರೆ ನೆಲಕ್ಕೆ.

"ಎಬ್ಸ್ಲಾ ಅವ್ಳನ್ನ!"

ಎಬ್ಬಿಸಿದೆ. ಕಣ್ಣುಜ್ಜಿಕೊಂಡು ಹಿಂದೆ ತಿರುಗಿ ನೋಡಿದಳು. "ಜರುಗು ಜರುಗು ಅಂತಿದ್ರಲ್ಲ, ಆ ಅಜ್ಜಿ ಎಲ್ಲಿ?" ಎಂದಳು.

ಹಳದಿ ಮೂಲೆಯದನ್ನೇ ಹೊತ್ತು ತಂದೆವು. ಮಗಳು ಹುಟ್ಟಿದಳು. ತಾತ ಒಮ್ಮೆ ಮನೆಗೆ ಬಂದು, ಮಗುವನ್ನು ಪಕ್ಕಕ್ಕೆ ಸರಿಸಿ, ಹಾಸಿಗೆಗೆ ಕಿವಿಯಿಟ್ಟು, "ಯಾರೂ ಇಲ್ಲ. ನೆಮ್ಮದಿಯಾಗಿ ಮಲಗ್ರವ್ವ" ಎಂದು ಕಾಫಿ ಕುಡಿದು ಹೋದರು.

ಮಗಳಿಗೀಗ ಮೂರು ವರ್ಷ. ಹೋದ ತಿಂಗಳು ತಾತ ಊಟ ಮಾಡಿ, ಸೂಳಗಿರಿಯಿಂದ ಬಂದ ಒಂದು ಹಾಸಿಗೆಗೆ ಕಿವಿಯಿಟ್ಟವರು ಏಳಲೇ ಇಲ್ಲ. ಮಣ್ಣಾದ ಮೇಲೆ ಆ ಹಾಸಿಗೆ ಏನು ಮಾಡುವುದೆಂದು ಅವರ ಮಗನಿಗೆ ತೋಚಲಿಲ್ಲ. ನಾನೇ ಟೆಂಪೋಗೆ ಹಾಕಿಸಿಕೊಂಡು ಬೇರಿಕೆ ದಾರಿಯಲ್ಲಿ ಎಸೆದು, ತಿರುಗಿ ನೋಡದೆ ಬಂದೆ. ದಾರಿಯುದ್ದಕ್ಕೂ ಒಂದೇ ಸಂಕಟ: ಅಷ್ಟು ಜನರನ್ನು ಕಾಪಾಡಿದವರು ತಾವು ಏಳದೆ ಅಲ್ಲೇ ಉಳಿದುಬಿಟ್ಟರೇ?

ಮನೆಗೆ ಬಂದಾಗ ನಾಲ್ಕು ಗಂಟೆ. ಮಗಳು ಹಾಸಿಗೆಯ ಅಂಚಿನಲ್ಲಿ ಗೋಡೆಗೆ ಒತ್ತಿಕೊಂಡು ಮಲಗಿದ್ದಳು. ಓಡಿಹೋಗಿ ಅವಳ ಭುಜ ಅಲುಗಿಸಿದೆ.

"ಯಾಕೆ ಪುಟ್ಟಾ, ಅಲ್ಲಿಗೋಗಿದ್ದೀಯ?"

"ತಾತ ಬಂದು ಕಿವಿ ಇಟ್ರು" ಎಂದಳು ಅರೆನಿದ್ದೆಯಲ್ಲಿ. "ಯಾರೂ ಇಲ್ಲ, ಮಲಕ್ಕೋ ಅಂದ್ರು."

ಖಾಲಿ ಜಾಗಕ್ಕೆ ನನ್ನ ಎಡಗಿವಿ ಒತ್ತಿದೆ. ಏನೂ ಕೇಳಿಸಲಿಲ್ಲ. ಬಟ್ಟೆ ಮಾತ್ರ ಬೆಚ್ಚಗಿತ್ತು, ಯಾರೋ ಈಗಷ್ಟೇ ಎದ್ದು ಹೋದ ಹಾಗೆ.