ಹಲಗೆ ಬಾರಿಸಿದವನ ಹೆಸರು

ಸಿಟ್ಟು ಬಂದರೆ ನನ್ನ ಬಾಯಲ್ಲಿ ಇಂಗ್ಲಿಷು ಬರುತ್ತದೆ. ಮೊನ್ನೆ ಫೋನಿನಲ್ಲಿ ಅರ್ಧ ಗಂಟೆ ಅದನ್ನೇ ಕಾರಿದೆ. ಮುಂಬಯಿಯ ಸಯನ್ನಿನಲ್ಲಿರುವ ನಮ್ಮ ಬಿಲ್ಡಿಂಗಿನ ಗೋಡೆಗಳು ತೆಳು. ಪಕ್ಕದ ಮನೆಯವರು ಟೀವಿ ಆರಿಸಿ ಕೇಳಿದರಂತೆ.

ನನ್ನ ಗೆಳೆಯರೊಬ್ಬರು ಈ ಮುಂಬಯಿಯ ಮೇಲೆ ದೊಡ್ಡ ಆರ್ಕೆಸ್ಟ್ರಾಕ್ಕೆಂದು ಹೊಸ ಕೃತಿ ರಚಿಸಿದರು. ಕೊನೆಯಲ್ಲಿ ಪಿಟೀಲು, ತುತ್ತೂರಿಗಳೆಲ್ಲ ಸುಮ್ಮನಾಗಿ ಹಲಗೆಯೊಂದೇ ಮೊಳಗಬೇಕು. ಬಾರಿಸುವವರು ಸಿಗುತ್ತಾರೆಯೇ ಎಂದು ಕೇಳಿದರು. ಸಿಗದೆ ಏನು, ನಮ್ಮ ವಾಚ್‌ಮನ್ ಇದ್ದಾನಲ್ಲ! ವಿಜಯಪುರದ ಕಡೆಯವನು. ಗಣಪತಿ ಹಬ್ಬದಲ್ಲಿ ಅವನು ಬಾರಿಸಿದರೆ ಕುರ್ಲಾದವರೆಗೆ ಕೇಳಬೇಕು.

ಸ್ಟುಡಿಯೋದಲ್ಲಿ ಎ.ಸಿ. ಹಲಗೆಯ ಚರ್ಮವೋ ಬೆಂಕಿ ಕಾಣದೆ ಬಿಗಿಯುವುದಿಲ್ಲ. ಬೆಂಕಿ ಎಂದ ಕೂಡಲೇ ಅಲ್ಲಿಯವರು ಹೌಹಾರಿದರು. ಆತ ಪ್ರತಿ ಸಲ ಕೆಳಗೋಡಿ ಚಹಾದಂಗಡಿಯ ಸ್ಟವ್ ಮೇಲೆ ಕಾಯಿಸಿಕೊಂಡು ಬರುವವರೆಗೆ ಅರವತ್ತು ಜನ ವಾದ್ಯ ಕೆಳಗಿಟ್ಟು ಕಾದರು. ಅಷ್ಟು ಮರ್ಯಾದೆ ನನ್ನ ಮದುವೆಯಲ್ಲಿ ನನಗೂ ಸಿಕ್ಕಿರಲಿಲ್ಲ.

ಮೊನ್ನೆ ರೆಕಾರ್ಡು ಬಂತು. ಆತನನ್ನೂ ಮಗಳನ್ನೂ ಮನೆಗೆ ಕರೆದು ಕೇಳಿಸಿದೆ. ಹಲಗೆ ಮೊಳಗಿದಾಗ ಮೈ ಜುಮ್ಮೆಂದಿತು. ಹುಡುಗಿ ಮಾತ್ರ ಜೊತೆಗಿದ್ದ ಪುಸ್ತಿಕೆಯ ಹೆಸರುಗಳ ಮೇಲೆ ಬೆರಳಾಡಿಸುತ್ತಿದ್ದಳು. ಪಿಯಾನೋ ಶ್ರುತಿ ಮಾಡಿದವರ ಹೆಸರಿತ್ತು, ಊಟ ಪೂರೈಸಿದವರ ಹೆಸರಿತ್ತು. ಹಲಗೆಯ ಮುಂದೆ 'ಸ್ಥಳೀಯ ಕಲಾವಿದ' ಎಂದಷ್ಟೇ.

"ಅಪ್ಪಾ, ನಿನ್ ನಾಮ್ ಎಲ್ಲೂ ಇಲ್ಲ" ಎಂದಳು. ಶಾಲೆಯಲ್ಲಿ ತೋರಿಸುತ್ತೇನೆಂದು ಎಲ್ಲರಿಗೂ ಹೇಳಿಬಿಟ್ಟಿದ್ದಳಂತೆ.

"ಇರ್ಲಿ ಬಿಡವ್ವಾ, ಬಾರಿಸಿದ್ದು ಕೇಳತೈತಲ್ಲ" ಎಂದ ಆತ. ಮುಖ ಸಪ್ಪಗಾಗಿತ್ತು.

ನನಗೆ ಮೈಯೆಲ್ಲ ಉರಿಯಿತು. ಬಡವನ ಬೆವರು ಬೇಕು, ಹೆಸರು ಬೇಡವೇ ಇವರಿಗೆ? ಅವರಿಬ್ಬರೂ ಕೆಳಗಿಳಿದದ್ದೇ ತಡ, ರೆಕಾರ್ಡಿನ ಕಂಪನಿಗೆ ಫೋನ್ ಹಚ್ಚಿ ಜನ್ಮ ಜಾಲಾಡಿದೆ. ಆ ಕಡೆಯ ಹೆಣ್ಣುಮಗಳು ಎಲ್ಲ ಕೇಳಿಸಿಕೊಂಡು ಮೆಲ್ಲಗೆ ಹೇಳಿದಳು: "ಸರ್, ಸ್ಟುಡಿಯೋದಲ್ಲಿ ಅವರ ಫಾರ್ಮ್ ತುಂಬಿದವರು ನೀವೇ. ಹೆಸರಿನ ಜಾಗದಲ್ಲಿ ವಾಚ್‌ಮನ್ ಅಂತ ಬರೆದಿದ್ದೀರಿ. ಹಾಗೇ ಅಚ್ಚು ಹಾಕೋದು ಸರಿಯಲ್ಲ ಅಂತ ನಾವೇ ಬದಲಾಯಿಸಿದ್ವಿ. ಹೆಸರು ಹೇಳಿ, ಮುಂದಿನ ಪ್ರತಿಗಳಲ್ಲಿ ಹಾಕಿಸೋಣ."

ಹೇಳಲು ಗೊತ್ತಿದ್ದರಲ್ಲವೇ? ಆರು ವರ್ಷ ನನ್ನ ಗ್ಯಾಸ್ ಸಿಲಿಂಡರನ್ನು ಮೂರು ಮಹಡಿ ಹೊತ್ತು ತಂದ ಮನುಷ್ಯ. ಪಕ್ಕದ ಮನೆಯ ನಾಯಿಯ ಹೆಸರು ನನಗೆ ಗೊತ್ತು.

ಫೋನಿಟ್ಟು, ಪುಸ್ತಿಕೆ ಹಿಡಿದು ಕೆಳಗಿಳಿದೆ. ಬೈಯಲು ಈಗ ಒಬ್ಬನೇ ಉಳಿದಿದ್ದ. ಅವನೂ ನನ್ನ ಚಪ್ಪಲಿಯಲ್ಲೇ ಮೆಟ್ಟಿಲಿಳಿಯುತ್ತಿದ್ದ.

"ನಿಮ್ಮ ಹೆಸರೇನು? ಅಚ್ಚು ಹಾಕಿಸಬೇಕು" ಎಂದು ಗೇಟಿನಲ್ಲಿ ಮಗಳೊಡನೆ ಕೂತಿದ್ದವರನ್ನು ಕೇಳಿದೆ. ಬಹುವಚನ ಆಗ ಬಾಯಿಗೆ ಬಂತು.

"ಸಿದ್ದಪ್ಪರಿ" ಎಂದರು ಎದ್ದು ನಿಂತು. ಮಗಳತ್ತ ನೋಡಿ, "ಆಗೂದಿದ್ರ ನಮ್ಮಪ್ಪನ ಹೆಸರೂ ಸೇರಸ್ರಿ. ಹಲಗಿ ಕಲಿಸಿದಾಂವ ಅಂವನ. ಯಮನಪ್ಪ."

ಒಂದು ಹೆಸರನ್ನೂ ಕೇಳದೆ ಆರು ವರ್ಷ ಕಳೆದವನಿಗೆ ಒಮ್ಮೆಗೇ ಎರಡು ಸಿಕ್ಕವು. ನನ್ನ ಕೈಬರಹವನ್ನು ನಂಬದೆ, ಪುಸ್ತಿಕೆಯನ್ನೂ ಪೆನ್ನನ್ನೂ ಅವರ ಮಗಳಿಗೆ ಕೊಟ್ಟೆ.